ಮೂರನೇ ಮೆಷಿನ್ನು

ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನೂ ಬೆರಿಲ್ ಆಂಟಿಯೂ ಎದುರುಬದುರು ಕೂತು ಕಾಲುಚೀಲ ತಿರುವುತ್ತಿದ್ದೆವು. ಆಟಗಾರರು ಅವನ್ನು ಕಾಲಿನಿಂದ ಸುಲಿದು ಎಸೆಯುತ್ತಾರೆ. ಒಳಮೈ ಹೊರಗಾಗಿ, ಹಿಮ್ಮಡಿಯ ಹತ್ತಿರ ಗಂಟಾಗಿ ಬಂದು ಬೀಳುತ್ತವೆ. ಒಳಗೆ ಅಂಟುಪಟ್ಟಿಯ ತುಂಡು, ಹುಲ್ಲು, ಒಮ್ಮೊಮ್ಮೆ ಮುರಿದ ಉಗುರು. ಕೈಯನ್ನು ತುದಿಯವರೆಗೂ ತೂರಿಸಿ, ಬೆರಳಿನ ಜಾಗ ಹಿಡಿದು ಎಳೆದು, ಒಮ್ಮೆ ಕೊಡವಿ ಬುಟ್ಟಿಗೆ ಹಾಕಬೇಕು. ಹಾಗೇ ಒಗೆದರೆ ಮಣ್ಣು ಒಳಗೇ ಉಳಿಯುತ್ತದೆ. ಈ ಕೆಲಸ ಮುಗಿಯುವ ತನಕ ಮಾತಾಡಬಾರದೆಂಬುದು ಬೆರಿಲ್ ಆಂಟಿಯ ನಿಯಮ. ಮಾತಾಡಿದರೆ ಎಣಿಕೆ ತಪ್ಪುತ್ತದೆ, ಎಣಿಕೆ ತಪ್ಪಿದರೆ ಮುಂದಿನ ಆಟದ ಹೊತ್ತಿಗೆ ಯಾರದೋ ಒಂದು ಕಾಲು ಬರಿದಾಗಿರುತ್ತದೆ.

ನನಗೆ ಆ ನಿಯಮ ಹಿಡಿಸಿತ್ತು. ಮಾತು ನನಗೆ ಸಲೀಸಾಗಿ ಬರುವುದಿಲ್ಲ. ಪರೀಕ್ಷೆಗೆ ಕೂರದೆ ಶಾಲೆ ಬಿಟ್ಟು, ಕಾರ್ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಒಗೆಯುವ ಮನೆ ಸೇರಿ ಆಗ ಐದು ವರ್ಷವಾಗಿತ್ತು. ಮಾತು ಕಡಿಮೆಯಾದಷ್ಟೂ ಕಣ್ಣಿಗೆ ಕೆಲಸ ಹೆಚ್ಚು. ಯಾರ ಚಡ್ಡಿಯ ಹಿಂಬದಿಯಲ್ಲಿ ಹುಲ್ಲಿನ ಕಲೆ ಇಲ್ಲವೋ ಅವನು ಅವತ್ತು ಬೀಳುವಷ್ಟು ಓಡಿಲ್ಲ. ಯಾರ ಕಾಲುಚೀಲದ ಬೆರಳಿನ ಹತ್ತಿರ ರಕ್ತ ಅಂಟಿದೆಯೋ ಅವನು ಹೊಸ ಬೂಟು ಹಾಕಿದ್ದಾನೆ, ಅದನ್ನು ಹಾಕಿಕೊಳ್ಳಲು ಬೂಟಿನ ಕಂಪನಿಯಿಂದ ದುಡ್ಡು ಇಸಿದುಕೊಂಡಿದ್ದಾನೆ. ಪೇಪರಿನವರು ಮಂಗಳವಾರ ಬರೆಯುವುದು ನಮಗೆ ಸೋಮವಾರವೇ ಗೊತ್ತಿರುತ್ತದೆ.

ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಆಟ. ಶನಿವಾರ ಇದ್ದದ್ದನ್ನು ಟಿವಿಯವರು ಎಳೆದು ಅಲ್ಲಿಗೆ ಹಾಕಿದ್ದರು. ಎರಡು ಗೋಲಿನಿಂದ ಸೋತಿದ್ದೆವು.

"ನಲವತ್ನಾಲ್ಕು," ಎಂದು ಬೆರಿಲ್ ಆಂಟಿ ಕೊನೆಯದನ್ನು ಬುಟ್ಟಿಗೆ ಹಾಕಿ, ಇಸ್ತ್ರಿ ಮೇಜಿನ ಮೇಲಿದ್ದ ಕೆಂಪು ಪುಸ್ತಕದಲ್ಲಿ ಬರೆದಳು. ಯಾವ ಮೆಷಿನ್ನು, ಯಾರ ಬಟ್ಟೆ, ಎಷ್ಟು ಗಂಟೆಗೆ. ಯಾವ ಕಾಲದಲ್ಲೋ ಒಂದು ಅಂಗಿ ಕಳೆದುಹೋಗಿ ಅವಳ ಮೇಲೆ ಅನುಮಾನ ಬಂದಿತ್ತಂತೆ. ಅಂದಿನಿಂದ ಅವಳು ಪ್ರತಿಯೊಂದನ್ನೂ ಬರೆಯುತ್ತಾಳೆ. ಆಫೀಸಿನಲ್ಲಿ ಯಾರಿಗೂ ಆ ಪುಸ್ತಕದ ಸುದ್ದಿ ಗೊತ್ತಿಲ್ಲ. ಯಾರೂ ಕೇಳಿದ್ದೂ ಇಲ್ಲ.

ಬಾಗಿಲ ಹತ್ತಿರ ಅಂಚೆಯ ಕೆಂಪು ತಳ್ಳುಗಾಡಿ ನಿಂತ ಸದ್ದಾಯಿತು.

"ಪ್ರಾರ್ಥನೆ ಮುಗೀತಾ? ಒಳಗ್ ಬರ್ಬೋದಾ?" ಎಂದು ರೂತ್ ಹಾರ್ಕರ್ ತಲೆ ತೂರಿಸಿದಳು. ಕ್ಲಬ್ಬಿಗೆ ಕಾಗದ ತಂದುಕೊಡುವವಳು ಅವಳು. ಕ್ಲಬ್ಬಿನ ಹೆಂಗಸರ ತಂಡದ ನಾಯಕಿಯೂ ಅವಳೇ.

"ಬಾರೇ," ಎಂದಳು ಬೆರಿಲ್ ಆಂಟಿ. "ನಿನ್ನೆ ಏನಾಯ್ತು ನಿಮ್ದು?"

"ಮೂರು ಒಂದು, ಗೆದ್ವಿ. ನಿಮ್ಮ ಕೋಟ್ಯಧೀಶ್ರು?"

"ಟಿವೀಲಿ ನೋಡ್ಲಿಲ್ವಾ?"

"ನೋಡ್ದೆ. ಸಾಕ್ಸ್ ಮಾತ್ರ ಬೆಳ್ಳಗೆ ಹೊಳೀತಿತ್ತು ಬಿಡಿ."

ಬೆರಿಲ್ ಆಂಟಿ ನಗು ಅದುಮಿಕೊಂಡು ಕಪಾಟಿನ ಹಿಂದಿನಿಂದ ಐಸ್‌ಕ್ರೀಮಿನ ಖಾಲಿ ಡಬ್ಬಿ ತೆಗೆದು, ಕಲೆ ತೆಗೆಯುವ ಪುಡಿಯನ್ನು ಕಂಠಮಟ್ಟ ತುಂಬಿ, ಮುಚ್ಚಳ ಒತ್ತಿ ಕೊಟ್ಟಳು. ತಿಂಗಳಿಗೊಂದು ಡಬ್ಬಿ. ಕ್ಲಬ್ಬಿನಲ್ಲಿ ಹೆಂಗಸರ ತಂಡಕ್ಕೆ ಒಗೆಯುವ ಮನೆಯಿಂದ ಸಲ್ಲುತ್ತಿದ್ದದ್ದು ಅಷ್ಟೇ. ಆ ಹದಿನೆಂಟು ಜನ ಒಂದು ಶಾಲೆಯ ಮೈದಾನದಲ್ಲಿ ಆಡಿ, ಮಣ್ಣಾದ ಬಟ್ಟೆಯನ್ನು ಅಂಗಡಿಯ ಚೀಲಗಳಲ್ಲಿ ತುಂಬಿಕೊಂಡು ಮನೆಗೆ ಒಯ್ದು ಒಗೆದುಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಒಣಗುತ್ತಿರಲಿಲ್ಲ. ಬುಧವಾರ ಹಸಿಯಾಗಿಯೇ ತೊಟ್ಟು ಅಭ್ಯಾಸಕ್ಕೆ ಹೋಗುತ್ತಿದ್ದರು.

"ನಮ್ಮನೆ ಮೆಷಿನ್ನು ಮಣ್ಣು ಕುಡ್ದೂ ಕುಡ್ದೂ ಕೆಮ್ತಾ ಇದೆ," ಎಂದಳು ರೂತ್ ಡಬ್ಬಿಯನ್ನು ಕಾಗದಗಳ ಕೆಳಗೆ ಸೇರಿಸುತ್ತ. "ನಮ್ಮೆಜಮಾನ್ರು ಕೇಳ್ತಾರೆ, ನಿನ್ನ ಇಟ್ಕೊಳ್ಳೋದಾ ಮೆಷಿನ್ನ ಇಟ್ಕೊಳ್ಳೋದಾ ಅಂತ."

"ಮೆಷಿನ್ನೇ ವಾಸಿ. ಅದು ಎದುರು ಮಾತಾಡಲ್ಲ," ಎಂದಳು ಬೆರಿಲ್ ಆಂಟಿ.

ರೂತ್ ಹೋದ ಸ್ವಲ್ಪ ಹೊತ್ತಿಗೆ ಅಲಿಸ್ಟರ್ ಬಂದ. ಮಹಡಿಯ ಮೇಲೆ ಲೆಕ್ಕದ ಆಫೀಸು ನೋಡಿಕೊಳ್ಳುವವನು. ಐದು ವರ್ಷದಲ್ಲಿ ಅವನು ನಮ್ಮ ಬಾಗಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಒಂದು ಪೆಟ್ಟಿಗೆ ಸಕ್ಕರೆ ಬನ್ನು, ಕಂಕುಳಲ್ಲಿ ಒಂದು ಕಡತ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬನ್ನು ಕೊಟ್ಟ ಮೇಲೆ ಒಂದು ಬಿಸಿ ಪೈಪಿಗೆ ಕೈ ತಗುಲಿಸಿಕೊಂಡು, ಬೆರಳು ಊದಿಕೊಳ್ಳುತ್ತ ನಿಂತ.

"ಕೂತ್ಕೋ ಮಗಾ, ಇಲ್ಲಿ ಮುಟ್ಟಿದ್ದೆಲ್ಲ ಸುಡತ್ತೆ," ಎಂದಳು ಬೆರಿಲ್ ಆಂಟಿ.

ಅವನು ಹೇಳಿದ್ದು ಇಷ್ಟು. ನಾಲ್ಕು ವರ್ಷದ ಹಿಂದೆ ನಮ್ಮ ತಂಡ ಒಂದೇ ಒಂದು ವರ್ಷ ಮೇಲಿನ ದರ್ಜೆಯಲ್ಲಿ ಆಡಿತ್ತು. ಆ ವರ್ಷ ಬಂದ ಟಿವಿ ದುಡ್ಡನ್ನು ಕಂಡು, ಅದು ಬರುತ್ತಲೇ ಇರುತ್ತದೆಂದು ನಂಬಿ, ಆಟಗಾರರಿಗೆ ದೊಡ್ಡ ದೊಡ್ಡ ಸಂಬಳ ಬರೆದುಕೊಟ್ಟರು. ಕೆಳಗಿಳಿದ ಮೇಲೆ ಟಿವಿ ದುಡ್ಡು ವರ್ಷವರ್ಷ ಕರಗಿತು, ಸಂಬಳ ಕರಗಲಿಲ್ಲ. ಲೀಗಿನವರ ನಿಯಮ ಬೇರೆ: ಯಾವ ಕ್ಲಬ್ಬೂ ಮೂರು ವರ್ಷದಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ನಷ್ಟ ಮಾಡಿಕೊಳ್ಳಬಾರದು, ಮಾಡಿಕೊಂಡರೆ ಪಾಯಿಂಟ್ ಕಡಿತ. ನಾವು ಗೆರೆ ದಾಟಿದ್ದೆವು. ಏಳು ಲಕ್ಷ ಪೌಂಡಿನಷ್ಟು.

"ಆದ್ರೆ ಹೆಂಗಸರ ತಂಡಕ್ಕೆ, ಮಕ್ಕಳ ತಂಡಕ್ಕೆ ಮಾಡಿದ ಖರ್ಚನ್ನ ಅವ್ರು ನಷ್ಟ ಅಂತ ಹಿಡಿಯಲ್ಲ," ಎಂದ ಅಲಿಸ್ಟರ್. "ಈ ಮನೆ, ಬಟ್ಟೆ ಕೋಣೆ, ವ್ಯಾನು, ಹಿಂದಿನ ಮೈದಾನ, ಎಲ್ಲ ಸೇರಿಸಿ ಆ ತಂಡಗಳ ಲೆಕ್ಕಕ್ಕೆ ಬರ್ದಿದೀವಿ. ಗುರುವಾರ ಲೀಗಿಂದ ಒಬ್ರು ನೋಡೋಕೆ ಬರ್ತಾರೆ. ಇದಕ್ಕೆ ನಿಮ್ಮಿಬ್ರ ಸೈನ್ ಇದ್ರೆ ಆಯ್ತು. ಬೆರಿಲ್ ಶುಕ್ರವಾರವೇ, ನೀನು ಮನೆಗೆ ಹೋದ್ಮೇಲೆ ಹಾಕಿದಾರೆ."

ನಾನು ಬೆರಿಲ್ ಆಂಟಿಯ ಕಡೆ ನೋಡಿದೆ. ಅವಳು ಬನ್ನಿನ ಮೇಲಿನ ಸಕ್ಕರೆ ನೆಕ್ಕುತ್ತ ಕಿಟಕಿಯ ಕಡೆ ತಿರುಗಿದ್ದಳು.

"ಮನೆಗೆ ತಗೊಂಡ್ ಹೋಗಿ ಓದ್ತೀನಿ," ಎಂದೆ.

"ಎರಡೇ ಪುಟ," ಎಂದ ಅವನು.

"ನಾನು ನಿಧಾನ ಓದೋದು."

ಮನೆಯಲ್ಲಿ ನಾನೂ ತಾತನೂ ಇಬ್ಬರೇ. ತಾತ ಮೊದಲು ಬಸ್ಸು ಓಡಿಸುತ್ತಿದ್ದ. ನಲವತ್ತೊಂದು ವರ್ಷದಿಂದ ಕ್ರೀಡಾಂಗಣದ ಅದೇ ಸಾಲು, ಅದೇ ಕುರ್ಚಿ. ಆಲೂಗಡ್ಡೆ ಪೈ ಬಿಸಿ ಮಾಡಿ ಎರಡು ತಟ್ಟೆಗೆ ಹಾಕಿ, ಕಾಗದವನ್ನು ನಡುವೆ ಇಟ್ಟೆ. ಮೂರು ಸಲ ಓದಿದೆ. ನಾಲ್ಕನೇ ಸಲ ಬೆರಳಿಟ್ಟು ಓದಿದೆ. ಕಳೆದ ಮೂರು ವರ್ಷ ನನ್ನ ಕೆಲಸದ ಹತ್ತರಲ್ಲಿ ಏಳು ಪಾಲು ಹೆಂಗಸರ ಮತ್ತು ಮಕ್ಕಳ ತಂಡಗಳಿಗೆ ಸಂದಿದೆ ಎಂದಿತ್ತು. ಮಕ್ಕಳದ್ದು ಗುರುವಾರ ಒಂದು ಹೊತ್ತು ಒಗೆಯುತ್ತಿದ್ದದ್ದು ನಿಜ, ಹತ್ತರಲ್ಲಿ ಒಂದು ಪಾಲು ಎನ್ನಬಹುದು. ಅದರ ಕೆಳಗೆ, 'ಮೂರನೇ ಮೆಷಿನ್ನು ಪೂರ್ತಿಯಾಗಿ ಹೆಂಗಸರ ತಂಡದ ಉಡುಪಿಗೇ ಮೀಸಲಾಗಿದೆ' ಎಂದಿತ್ತು.

"ಸೈನ್ ಹಾಕು," ಎಂದ ತಾತ ಕನ್ನಡಕ ತೆಗೆದು.

"ಸುಳ್ಳು ತಾತ."

"ಲೈನ್ಸ್‌ಮನ್ ವಾರಾವಾರಾ ಸುಳ್ಳು ಹೇಳ್ತಾನೆ. ಅವನ್ನ ಯಾರಾದ್ರೂ ಜೈಲಿಗೆ ಹಾಕಿದ್ರಾ?"

ಅವನು ದಿನಪತ್ರಿಕೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚತೊಡಗಿದ. "ಆರು ಪಾಯಿಂಟ್ ಕಡಿದ್ರು ಅನ್ಕೋ. ಆಗ ನಾವು ಕೆಳಗಿಂದ ಎರಡನೆಯವ್ರು. ಇನ್ನೊಂದು ದರ್ಜೆ ಕೆಳಗೆ ಹೋದ್ವಿ ಅನ್ಕೋ. ಅಲ್ಲಿ ಟಿವಿಯೋರು ಕೊಡೋದ್ರಲ್ಲಿ ಮೈದಾನಕ್ಕೆ ಗೊಬ್ಬರಾನೂ ಬರಲ್ಲ. ಮೊದ್ಲು ಯಾರ ಕೆಲ್ಸ ಹೋಗತ್ತೆ? ಸೆಂಟರ್ ಫಾರ್ವರ್ಡಿಂದಾ?"

"ನಂದು."

"ಗೊತ್ತಲ್ಲ ಮತ್ತೆ."

"ಮೂರನೇ ಮೆಷಿನ್ನು ಅವ್ರದು ಅಂತ ಬರ್ದಿದಾರೆ ತಾತ. ರೂತ್ ಅವ್ರದು. ಅವ್ರು ಒಂದ್ ಸಲಾನೂ ಅದನ್ನ ಕಣ್ಣಲ್ಲಿ ನೋಡಿಲ್ಲ."

"ಅದಕ್ಕೇನಂತೆ?"

ಅದಕ್ಕೇನು ಎಂದು ನನಗೂ ಹೇಳಲು ಬರಲಿಲ್ಲ. ಅವರ ಹೆಸರಿನಲ್ಲಿ ನೀರು, ಗ್ಯಾಸು, ನನ್ನ ಕೈ, ಬೆರಿಲ್ ಆಂಟಿಯ ಬೆನ್ನು, ಎಲ್ಲವನ್ನೂ ಕೊಟ್ಟಂತೆ ಬರೆದು, ಅವರ ಕೈಗೆ ಒಂದು ಡಬ್ಬಿ ಪುಡಿ. ಅದನ್ನೂ ಕದ್ದು ಕೊಟ್ಟಂತೆ, ಕದ್ದು ತೆಗೆದುಕೊಂಡಂತೆ.

"ಪೈ ಆರ್ತಾ ಇದೆ, ತಿನ್ನು," ಎಂದ ತಾತ.

ಮಾರನೇ ದಿನ ಕಾಲುವೆಯ ಪಕ್ಕದಲ್ಲಿ ನಡೆದು ಬರುವಾಗ ಹೇಳಬೇಕಾದ ಮಾತನ್ನು ಹತ್ತು ಸಲ ಹೇಳಿಕೊಂಡೆ. ಮಹಡಿಯ ಆಫೀಸಿನಲ್ಲಿ ತಿಳಿ ಬಣ್ಣದ ಜಮಖಾನೆ. ಬೂಟು ಒದ್ದೆಯಾಗಿತ್ತು, ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲೇ ಒಳಗೆ ಹೋದೆ. ಕಾಗದವನ್ನು ಅಲಿಸ್ಟರನ ಮೇಜಿನ ಮೇಲಿಟ್ಟೆ.

"ನಾನು ಸೈನ್ ಹಾಕಲ್ಲ. ಆದ್ರೆ ಅವ್ರ ಬಟ್ಟೆ ಇಲ್ಲಿಗೆ ತರ್ಸಿ. ಇವತ್ತಿಂದಾನೇ ಒಗೀತೀನಿ. ಅದ್ರಲ್ಲಿ ಬರ್ದಿರೋದು ನಿಜ ಆಗ್ಲಿ."

ಅವನು ನನ್ನ ಕಾಲುಚೀಲಗಳನ್ನು ನೋಡಿದ. "ಇವತ್ತಿನ ನಿಜ ನನಗೆ ಉಪಯೋಗಕ್ಕೆ ಬರಲ್ಲ ಟ್ಯಾನ್ಸಿ. ನನಗೆ ಹಿಂದಿನ ಮೂರು ವರ್ಷದ ನಿಜ ಬೇಕು."

"ಅದು ನನ್ನ ಹತ್ರ ಇಲ್ಲ."

"ನೂರ ನಲವತ್ತು ಜನ ಈ ಕಟ್ಟಡದಲ್ಲಿ ಸಂಬಳ ತಗೋತಾರೆ. ಗೊತ್ತಾ?"

"ಅದ್ರಲ್ಲಿ ಹನ್ನೊಂದು ಜನ ಎಷ್ಟು ತಗೋತಾರೆ?"

ಇದು ಕಾಲುವೆಯ ಪಕ್ಕ ಹೇಳಿಕೊಂಡು ಬಂದ ಮಾತಲ್ಲ. ಅವನಿಗೆ ಕೋಪ ಬರಲಿಲ್ಲ, ಅದೇ ಕಷ್ಟವಾಯಿತು. ಅವನು ಹಣೆ ಒತ್ತಿಕೊಂಡು, "ಆ ಸಂಬಳ ಬರ್ಕೊಟ್ಟಿದ್ದು ನಾನಲ್ಲಮ್ಮ. ಬರ್ದೋರು ಹೋದ್ರು. ಕೂಡಿ ಕಳಿಯೋಕೆ ನನ್ನ ಬಿಟ್ಟು ಹೋದ್ರು," ಎಂದ.

ಬೂಟು ಹಾಕಿಕೊಂಡು ಕೆಳಗೆ ಬಂದೆ. ಬೆರಿಲ್ ಆಂಟಿಗೆ ಆಗಲೇ ಸುದ್ದಿ ಮುಟ್ಟಿತ್ತು. ಟವೆಲ್ ಮಡಿಸುತ್ತಲೇ ಮಾತಾಡಿದಳು.

"ಹಾಗಾದ್ರೆ ನಾನು ಸುಳ್ಳಿ, ನೀನು ಸತ್ಯವಂತೆ."

"ನಾನು ಹಾಗೆ ಹೇಳ್ಲಿಲ್ಲ ಆಂಟಿ."

"ಹೇಳ್ಬೇಕಾಗಿಲ್ಲ. ಪಕ್ಕದಲ್ಲಿ ನೀನು ಹಾಕಲ್ಲ ಅಂತ ನಿಂತ್ರೆ ಹಾಕ್ದೋಳು ಏನಾದ್ಳು? ರಿಟೈರಾಗೋಕೆ ಹದಿನಾಲ್ಕು ತಿಂಗಳಿದೆ ನನಗೆ. ಸುಮ್ನೆ ಟವೆಲ್ ಮಡ್ಚಿ ಮನೆಗೆ ಹೋಗ್ತಿದ್ದೆ."

"ಯಾಕೆ ಹಾಕಿದ್ರಿ?"

ಅವಳ ಕೈ ನಿಂತಿತು. "ಮೂವತ್ತೊಂದು ವರ್ಷ ಆಯ್ತು ಕಣೇ ಇಲ್ಲಿ. ನನ್ನ ಸೈನ್ ಬೇಕು ಅಂತ ಯಾರೂ ಮೆಟ್ಲು ಇಳಿದು ಬಂದಿರ್ಲಿಲ್ಲ. ಪೆನ್ನು ಅವನೇ ತೆಗೆದು ಕೊಟ್ಟ. ಮುಚ್ಚಳ ಬಿಚ್ಚಿ."

ಅವತ್ತು ಸಂಜೆ ಅವಳು ಕೋಟು ಹಾಕಿಕೊಂಡ ಮೇಲೆ ಇಸ್ತ್ರಿ ಮೇಜಿನ ಹತ್ತಿರ ಹೋಗಿ, ಕೆಂಪು ಪುಸ್ತಕವನ್ನು ಎತ್ತಿ ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ನೋಡಲಿ ಎಂದೇ ಹಾಗೆ ಮಾಡಿದಳೋ ಏನೋ. ಪುಸ್ತಕವಿದ್ದ ಜಾಗದಲ್ಲಿ ಮರ ತಿಳಿಯಾಗಿ, ಚೌಕವಾಗಿ ಉಳಿದಿತ್ತು.

ಬುಧವಾರ ನಾನು ಬರುವಷ್ಟರಲ್ಲಿ ಮೂರನೇ ಮೆಷಿನ್ನಿನ ಮೇಲಿನ ಕಂಬಿಗೆ ಹದಿನೆಂಟು ಬಲೆಚೀಲಗಳನ್ನು ಯಾರೋ ನೇತುಹಾಕಿದ್ದರು. ಒಬ್ಬೊಬ್ಬ ಆಟಗಾರನ ಸಣ್ಣ ಬಟ್ಟೆಗಳನ್ನು ಒಂದೊಂದು ಬಲೆಚೀಲದಲ್ಲಿ ಹಾಕಿ, ಅದರ ಸಮೇತ ಒಗೆಯುವುದು ನಮ್ಮ ಪದ್ಧತಿ. ಇವಕ್ಕೆ ನೀಲಿ ಚೀಟಿಯಲ್ಲಿ ಹೆಂಗಸರ ತಂಡದ ಸಂಖ್ಯೆಗಳನ್ನು ಹೊಲಿದಿತ್ತು. ಒಂದರ ಬಣ್ಣವೂ ಮಾಸಿರಲಿಲ್ಲ. ನಮ್ಮ ನೀರಿನಲ್ಲಿ ಎರಡು ವಾರ ಒಗೆದರೆ ಯಾವ ಬಲೆಚೀಲವೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದು ಒಗೆಯುವವರಿಗಲ್ಲದೆ ಬೇರೆಯವರಿಗೆ ಹೊಳೆಯುವ ಸಂಗತಿಯಲ್ಲ. ಮಡಿಕೆಯ ಗೆರೆ ಕೂಡ ಹಾಗೇ ಇತ್ತು. ನಾನೂ ಮುಟ್ಟಲಿಲ್ಲ, ಬೆರಿಲ್ ಆಂಟಿಯೂ ಮುಟ್ಟಲಿಲ್ಲ.

ಗುರುವಾರ ಹನ್ನೊಂದಕ್ಕೆ ಲೀಗಿನ ಹೆಂಗಸು ಬಂದರು. ಹೆಸರು ಕ್ರೌಥರ್. ಐವತ್ತು ದಾಟಿದವರು, ಮಳೆಕೋಟು, ಕೈಯಲ್ಲಿ ಶಾಲೆಯ ಮಕ್ಕಳಂಥ ಗೆರೆಯ ಪುಸ್ತಕ. ಅಲಿಸ್ಟರ್ ಕುರ್ಚಿ ಒರೆಸಿ ಕೊಟ್ಟರೂ ಕೂರಲಿಲ್ಲ. ಬೆರಿಲ್ ಆಂಟಿ ಕೊಟ್ಟ ಚಹಾ ಮಾತ್ರ ತೆಗೆದುಕೊಂಡು, ಕುಡಿಯುತ್ತ ಒಂದೊಂದೇ ಮೆಷಿನ್ನಿನ ಮುಂದೆ ನಿಂತು ಬಂದರು. ಮೂರನೆಯದರ ಹತ್ತಿರ ಬಲೆಚೀಲವೊಂದನ್ನು ಬೆರಳಲ್ಲಿ ಹಿಡಿದರು. ಅದರ ಮೂಲೆಯಲ್ಲಿ ಅಂಗಡಿಯ ಬೆಲೆಚೀಟಿ ಕಟ್ಟಿದ್ದ ಪ್ಲಾಸ್ಟಿಕ್ ದಾರ ಇನ್ನೂ ಇತ್ತು.

"ಇವು ಎಷ್ಟು ಸಲ ನೀರಿಗೆ ಬಿದ್ದಿವೆ?"

"ಹಳೇದು ಹರಿದುಹೋಗಿತ್ತು, ಹಾಗಾಗಿ ಈಚೆಗೆ..." ಎಂದು ಅಲಿಸ್ಟರ್ ಶುರುಮಾಡಿದ.

"ಆ ಹುಡುಗೀನ ಕೇಳಿದ್ದು."

ಕೈಯಲ್ಲಿದ್ದ ಕಾಲುಚೀಲವನ್ನು ಕೆಳಗಿಡಲು ಮರೆತು, ಅದರೊಳಗೆ ಕೈ ಇಟ್ಟುಕೊಂಡೇ ನಿಂತಿದ್ದೆ.

"ಒಂದ್ ಸಲಾನೂ ಇಲ್ಲ," ಎಂದೆ.

"ಹೆಂಗಸರ ತಂಡದ ಬಟ್ಟೆ ಯಾವ ದಿನ ಒಗೀತೀರಿ?"

"ಒಗಿಯಲ್ಲ. ಅವ್ರು ಮನೇಲಿ ಒಗ್ಕೋತಾರೆ."

"ಇಲ್ಲಿಂದ ಅವ್ರಿಗೆ ಏನೂ ಹೋಗಲ್ವಾ?"

"ತಿಂಗಳಿಗೊಂದು ಡಬ್ಬಿ ಪುಡಿ."

"ಎಂಥ ಡಬ್ಬಿ?"

"ಐಸ್‌ಕ್ರೀಮ್ ಡಬ್ಬಿ. ಎರಡು ಲೀಟರಿಂದು."

ಅವರು ಅದನ್ನೂ ಬರೆದುಕೊಂಡರು. ಅಲಿಸ್ಟರ್ ಗೋಡೆಗೆ ಒರಗಿದ್ದ. ಮುಖ ಬಿಳಿಚಿಕೊಂಡಿದ್ದರೂ, ಭಾರದ ಚೀಲವನ್ನು ಕೆಳಗಿಟ್ಟವನ ಹಾಗೆ ಅವನ ಭುಜ ಇಳಿದಿತ್ತು.

"ಯಾವ ದಿನ ಯಾರದು ಒಗೆದ್ರಿ ಅಂತ ಬರ್ದಿಟ್ಟಿರೋದು ಏನಾದ್ರೂ ಇದ್ಯಾ?" ಎಂದು ಕ್ರೌಥರ್ ಕೇಳಿದರು.

ಬೆರಿಲ್ ಆಂಟಿಯ ಕೈಯಲ್ಲಿ ಟವೆಲ್ ಅರ್ಧ ಮಡಿಕೆಯಲ್ಲಿ ನಿಂತಿತು. ನಾನು ಇಸ್ತ್ರಿ ಮೇಜಿನ ಮೇಲಿನ ತಿಳಿ ಚೌಕವನ್ನು ನೋಡಿದೆ, ಆಮೇಲೆ ನನ್ನ ಕೈಯನ್ನು.

"ನನ್ನ ಕೆಲ್ಸದ ಮಾತು ನಾನು ಹೇಳ್ದೆ ಮೇಡಂ. ಬೇರೆಯವ್ರದ್ದು ಅವ್ರನ್ನೇ ಕೇಳಿ."

ಅವರು ಬೆರಿಲ್ ಆಂಟಿಯ ಕಡೆ ತಿರುಗಿದರು. "ನೀವು ಈ ಕಾಗದಕ್ಕೆ ಸೈನ್ ಹಾಕಿದೀರಿ."

"ಹಾಕಿದೀನಿ."

"ಓದಿದ್ರಾ?"

"ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ," ಎಂದಳು ಬೆರಿಲ್ ಆಂಟಿ. ನಾನು ಕಂಡಾಗಿನಿಂದ ಆ ಕನ್ನಡಕ ದಾರದಲ್ಲಿ ಅವಳ ಕೊರಳಲ್ಲೇ ತೂಗಾಡುತ್ತಿದೆ. ಕ್ರೌಥರ್ ಅದನ್ನೊಮ್ಮೆ ನೋಡಿ ಪುಸ್ತಕ ಮುಚ್ಚಿದರು.

ಹೊರಡುವ ಮೊದಲು ನನ್ನನ್ನು, "ಇನ್ನೇನಾದ್ರೂ ಹೇಳೋದಿದ್ಯಾ?" ಎಂದರು. ಹೀಗೆ ಕೇಳುವವರು ಇಲ್ಲ ಎನ್ನುವ ಉತ್ತರಕ್ಕೇ ಕಾಯುತ್ತಿರುತ್ತಾರೆ. ಶಾಲೆಯಲ್ಲಿ ನಾನು ಯಾವಾಗಲೂ ಅದನ್ನೇ ಕೊಡುತ್ತಿದ್ದೆ.

"ಇದೆ," ಎಂದೆ. "ಮೂರನೇ ಮೆಷಿನ್ನು ಹೆಂಗಸರದು ಅಂತ ಅದ್ರಲ್ಲಿದೆ. ಬೇರೆ ಎಲ್ಲಾ ಹೊಡೆದು ಹಾಕಿ, ಅದೊಂದನ್ನ ಹೊಡೀಬೇಡಿ. ಅದು ಹಾಗೇ ಇರ್ಲಿ."

"ಯಾವ ಮೆಷಿನ್ನು ಯಾರದು ಅನ್ನೋದು ನನ್ನ ಕೆಲಸ ಅಲ್ಲಮ್ಮ," ಎಂದರು ಅವರು. ಆದರೂ ಪುಸ್ತಕ ಮತ್ತೆ ತೆರೆದು ಒಂದು ಸಾಲು ಬರೆದುಕೊಂಡರು.

ಮೂರು ವಾರದ ಮೇಲೆ ತೀರ್ಮಾನ ಬಂತು. ನಾಲ್ಕು ಪಾಯಿಂಟ್ ಕಡಿತ. ಕ್ಲಬ್ಬು ಆ ಕಾಗದವನ್ನು ತಾನಾಗಿ ಹಿಂದಕ್ಕೆ ತೆಗೆದುಕೊಂಡು, ಈ ತಿಂಗಳಿನಿಂದ ಹೆಂಗಸರ ತಂಡದ ಉಡುಪನ್ನು ಇಲ್ಲೇ ಒಗೆಯುತ್ತೇವೆಂದು ಬರೆದುಕೊಟ್ಟಿದ್ದರಿಂದ ಆರು ಇದ್ದದ್ದು ನಾಲ್ಕಾಯಿತು. ಆ ಸಾಲನ್ನು ಸೇರಿಸಿದವನು ಅಲಿಸ್ಟರ್. ನಾನು ಅದಕ್ಕಾಗಿ ದಿನ ಬಿಟ್ಟು ದಿನ ಅವನ ಬಾಗಿಲಲ್ಲಿ ಬೂಟು ಬಿಚ್ಚಿ ನಿಂತಿದ್ದೆ. ಮೊದಲ ದಿನ ಅವನು ಆಗಲ್ಲ ಎಂದ. ಎರಡನೇ ದಿನ ಫೋನಿನಲ್ಲಿದ್ದ. ಮೂರನೇ ಸಲ ನನ್ನನ್ನು ಕಂಡು ತಾನೇ ಕಾಗದ ಎಳೆದುಕೊಂಡು, "ಹೇಳು, ಹೇಗೆ ಬರೀಲಿ?" ಎಂದ.

ತೀರ್ಮಾನದ ದಿನ ಮೆಟ್ಟಿಲ ಮೇಲೆ ಸಿಕ್ಕಿದ. "ನಿನ್ನಿಂದ ಎರಡು ಪಾಯಿಂಟ್ ಉಳೀತು ಅಂತ ಊರಲ್ಲಿ ಯಾರೂ ಹೇಳಲ್ಲ ಟ್ಯಾನ್ಸಿ. ನಾಲ್ಕು ಹೋಯ್ತು ಅಂತ ಎಲ್ಲಾರೂ ಹೇಳ್ತಾರೆ."

"ಹೇಳ್ಲಿ," ಎಂದೆ.

ಹೇಳಿದರು. ಇನ್ನೂ ಏಳು ಆಟ ಬಾಕಿ, ನಾವು ಕೆಳಗಿಳಿಯುವ ಗೆರೆಗಿಂತ ಒಂದೇ ಪಾಯಿಂಟ್ ಮೇಲೆ. ಮೀನು ಕರಿಯುವ ಅಂಗಡಿಯವನು ಮೊದಲು ನನ್ನ ಪೊಟ್ಟಣಕ್ಕೆ ಒಂದು ಹಿಡಿ ಚಿಪ್ಸ್ ಹೆಚ್ಚಿಗೆ ಹಾಕುತ್ತಿದ್ದ. ಈಗ ತಕ್ಕಡಿಯಲ್ಲಿ ತೂಗಿ ಕೊಟ್ಟ. ಸಾಲಿನಲ್ಲಿ ಹಿಂದೆ ನಿಂತವನೊಬ್ಬ, "ಒಗೆಯೋಳು ಒಗ್ದು ಹಾಕಿದ್ಳಲ್ಲಪ್ಪಾ ನಮ್ಮನ್ನ," ಎಂದ. ತಿರುಗಿ ನೋಡಿದೆ. ಅವನ ಕೊರಳಲ್ಲಿ ಕ್ಲಬ್ಬಿನ ಕೆಂಪು ಶಾಲು. ಬಣ್ಣ ಬಿಟ್ಟಿತ್ತು, ಬಿಸಿ ನೀರಿನಲ್ಲಿ ಹಾಕಿದ್ದರು. "ತಣ್ಣೀರಲ್ಲಿ ನೆನೆಸ್ಬೇಕು ಇದನ್ನ," ಎಂದು ಹೇಳಿ ಹೊರಗೆ ಬಂದೆ. ತಾತ ಒಂದು ವಾರ ನನ್ನ ಹತ್ತಿರ ಉಪ್ಪು ಕೊಡು, ಬಾಗಿಲು ಹಾಕು ಎನ್ನುವುದರ ಹೊರತು ಬೇರೇನೂ ಮಾತಾಡಲಿಲ್ಲ. ಆದರೂ ಪೈಯನ್ನು ಎರಡು ತಟ್ಟೆಗೇ ಹಾಕಿಡುತ್ತಿದ್ದ.

ಬೆರಿಲ್ ಆಂಟಿ ಅಷ್ಟೂ ಮಾತಾಡಲಿಲ್ಲ. ಕ್ಲಬ್ಬಿನವರು ಅವಳನ್ನು ಏನೂ ಕೇಳಲಿಲ್ಲ, ಅವಳ ಹದಿನಾಲ್ಕು ತಿಂಗಳು ಹಾಗೇ ಇತ್ತು. ಕೆಂಪು ಪುಸ್ತಕ ಮಾತ್ರ ಮತ್ತೆ ಮೇಜಿಗೆ ಬರಲಿಲ್ಲ. ನನ್ನ ಎಣಿಕೆಯನ್ನು ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ.

ಮುಂದಿನ ಸೋಮವಾರ ಬೆಳಿಗ್ಗೆ ರೂತಳ ಅಂಚೆ ಗಾಡಿ ಬಾಗಿಲ ಹತ್ತಿರ ನಿಂತಿತು. ಕಾಗದಗಳ ಮೇಲೆ, ಕೆಳಗೆ, ಹಿಡಿಕೆಯ ಎರಡೂ ಕಡೆ ಅಂಗಡಿಯ ಚೀಲಗಳು. ಹದಿನೆಂಟು. ಅವಳು ಒಂದೊಂದನ್ನೇ ಇಳಿಸಿ ಹೊಸ್ತಿಲಲ್ಲಿ ಸಾಲಾಗಿ ಇಟ್ಟಳು.

"ಎಲ್ಲಾದ್ರೂ ಬೇಡ ಅಂದ್ಬಿಟ್ರೆ ಅಂತ ಈಗ್ಲೂ ಭಯ ನನಗೆ," ಎಂದಳು ಮೆಲ್ಲಗೆ. ಬೆರಿಲ್ ಆಂಟಿಯ ಬೆನ್ನಿನ ಕಡೆ ನೋಡಿ, "ಡಬ್ಬಿ ವಾಪಸ್ ತಂದಿದೀನಿ ಆಂಟಿ, ತೊಳ್ದು," ಎಂದಳು. ಬೆರಿಲ್ ಆಂಟಿ ತಿರುಗಲಿಲ್ಲ. ರೂತ್ ಡಬ್ಬಿಯನ್ನು ಇಸ್ತ್ರಿ ಮೇಜಿನ ಮೇಲೆ, ಆ ತಿಳಿ ಚೌಕದಲ್ಲಿ ಇಟ್ಟು, ಕಾಗದ ಹಂಚಲು ಹೋದಳು.

ನಾನು ಕೆಳಗೆ ಕೂತು ಮೊದಲ ಚೀಲ ಬಿಚ್ಚಿದೆ. ಅಭ್ಯಾಸದಂತೆ ಕಾಲುಚೀಲದೊಳಗೆ ಕೈ ತೂರಿಸಿದೆ. ತಿರುವಲು ಏನೂ ಇರಲಿಲ್ಲ, ಹೊರಮೈ ಹೊರಗೇ ಇತ್ತು. ಇನ್ನೊಂದನ್ನು ನೋಡಿದೆ. ಎರಡನೇ ಚೀಲ, ಮೂರನೇ ಚೀಲ. ಮೂವತ್ತಾರರಲ್ಲಿ ಒಂದೂ ಒಳಹೊರಗಾಗಿರಲಿಲ್ಲ. ಮಣ್ಣು ಗಟ್ಟಿಯಾಗಿತ್ತು, ಆದರೆ ಎಲ್ಲವನ್ನೂ ಕೊಡವಿ, ಜೊತೆ ಮಾಡಿ, ಮೇಲಿನಿಂದ ಒಂದು ಸುತ್ತು ಮಡಚಿದ್ದರು. ತಾವೇ ಒಗೆದುಕೊಂಡವರಿಗೆ ಮಾತ್ರ ಬರುವ ರೂಢಿ ಅದು. ಎಣಿಸಿ ಮುಗಿಸಿದೆ. ಕ್ಯಾಲೆಂಡರಿನಲ್ಲಿ ಬರೆದೆ. ಹದಿನೆಂಟು ಬಲೆಚೀಲಗಳನ್ನು ಕಂಬಿಯಿಂದ ಇಳಿಸಿ, ಆ ಪ್ಲಾಸ್ಟಿಕ್ ದಾರವನ್ನು ಹಲ್ಲಿನಿಂದ ಕಡಿದು ತೆಗೆದು, ಸಂಖ್ಯೆ ನೋಡಿ ತುಂಬಿದೆ.

ಮೊದಲೆರಡು ಮೆಷಿನ್ನು ತಿರುಗುತ್ತಿದ್ದವು. ಮೂರನೆಯದು ನಿಂತಿತ್ತು. ಅದರ ಗಾಜಿನ ಹಿಂದೆ ಮೊದಲ ತಂಡದ ಟವೆಲುಗಳು ಒಗೆದು ಮುಗಿದು, ಒದ್ದೆ ಮುದ್ದೆಯಾಗಿ ಬಿದ್ದಿದ್ದವು. ಬೆರಿಲ್ ಆಂಟಿ ಅದರ ಮುಂದೆಯೇ ಸ್ಟೂಲು ಹಾಕಿಕೊಂಡು, ಕನ್ನಡಕ ಏರಿಸಿ, ಒಂದು ಅಂಗಿಯ ಗುಂಡಿ ಹೊಲಿ‍ಯುತ್ತಿದ್ದಳು. ಮೊದಲು ನಮ್ಮಿಬ್ಬರ ನಡುವೆ ಇದ್ದದ್ದು ಎಣಿಕೆಯ ಮೌನ. ಇದು ಅದಲ್ಲ. ಆದರೂ ಅದರೊಳಗೆ ಕೂತು ಕೆಲಸ ಮಾಡಲು ನಾನು ಕಲಿತಿದ್ದೆ.

ಬುಟ್ಟಿಯನ್ನು ಎತ್ತಿಕೊಂಡು ಅವಳ ಹಿಂದೆ ಹೋಗಿ ನಿಂತೆ. ಮೆಲ್ಲಗೆ ಒಮ್ಮೆ ಕೇಳಿದೆ. ಸೂಜಿ ಒಳಗೆ ಹೋಯಿತು, ಹೊರಗೆ ಬಂತು, ದಾರ ಎಳೆಯಿತು. ಬುಟ್ಟಿ ಭಾರವಾಗಿತ್ತು. ಕೆಳಗಿಡದೆ, ಸೊಂಟಕ್ಕೆ ಆನಿಸಿಕೊಂಡು, ಇನ್ನೊಂದು ಸಲ, ಎರಡು ಮೆಷಿನ್ನುಗಳ ಸದ್ದಿನ ಮೇಲೂ ಕೇಳಿಸುವಂತೆ ಹೇಳಿದೆ:

"ಆಂಟಿ, ಮೂರನೇ ಮೆಷಿನ್ನು ಖಾಲಿ ಮಾಡ್ಕೊಡಿ."